ಕೂಸಿಗೆ ಎಷ್ಟು ಹಾಲು ಸಾಕು?

 

ಈ ಸಲದ ಗೋಡೆ ಪತ್ರಿಕೆಗೆ ಆರೋಗ್ಯದ ಮೇಲೆ ಒಂದು ಪಾಠ ಬೇಕು ಅಂತ ವಿಜ್ಞಾನದ ಸರ್ ಕೇಳಿದರು. ನಾನು "ಸಣ್ಣ ಕೂಸಿಗೆ ಎಷ್ಟು ಉಣಿಸಬೇಕು" ಎಂಬ ವಿಷಯ ಬರೆಯುತ್ತೇನೆ ಅಂದೆ. ಹಿಂದೆ ಕುಳಿತವರು "ಇದು ಹುಡುಗ್ಯಾರು ಬರಿಯೂ ವಿಷಯ" ಅಂತ ನಕ್ಕರು. ನಗಲಿ, ಕೂಸುಗಳು ಹುಡುಗರ ಮನೆಯಲ್ಲೂ ಹುಟ್ಟುತ್ತವೆ. ನಮ್ಮ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಅವಳ ಹೆಣ್ಣು ಕೂಸಿಗೆ ಈಗ ಎರಡು ತಿಂಗಳು. ಈ ಎರಡು ತಿಂಗಳಲ್ಲಿ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಹಾಲು ಸಾಲತಾವೇನ ಕೂಸಿಗೆ?" ಅದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ. ಆದ್ದರಿಂದ ಆಶಾ ಅಕ್ಕ ಮತ್ತು ಅಂಗನವಾಡಿ ಟೀಚರ್ ಹೇಳಿದ್ದು, ತಾಯಿ ಕಾರ್ಡಿನಲ್ಲಿ ಅಚ್ಚಾಗಿದ್ದು, ಸರ್ ಕೊಟ್ಟ ಪುಸ್ತಕದಲ್ಲಿ ಓದಿದ್ದು ಎಲ್ಲ ಸೇರಿಸಿ ಬರೆದಿದ್ದೇನೆ. ಸ್ವಲ್ಪ ಗಣಿತವೂ ಇದೆ.

ಮೊದಲ ದಿನ ಒಂದು ಚಮಚ

ನಮಗೆ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲು ಗೊತ್ತಲ್ಲ? ಆ ಯೋಜನೆ 2013ರ ಆಗಸ್ಟ್ 1 ರಂದು ಶುರುವಾಯಿತು. 18 ಗ್ರಾಂ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು, ಅಂದರೆ ಒಂದು ಲೋಟ. ಈ ಲೋಟವನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಅಳತೆಗೆ ಬೇಕು.

ಹುಟ್ಟಿದ ದಿನ ಕೂಸು ಒಂದು ಸಲಕ್ಕೆ ಕುಡಿಯುವುದು 2 ರಿಂದ 10 ಮಿ.ಲೀ. ಮಾತ್ರ. ಜ್ವರದ ಔಷಧಿಯ ಬಾಟಲಿಗೆ ಗೆರೆ ಇರುವ ಸಣ್ಣ ಮುಚ್ಚಳ ಇರುತ್ತದೆ. ಅದರಲ್ಲಿ 5 ಮಿ.ಲೀ. ಎಷ್ಟು ಅಂತ ನೋಡಿದರೆ ತಿಳಿಯುತ್ತದೆ, ಒಂದು ಚಮಚ! ಎರಡನೇ ದಿನ ಒಂದು ಸಲಕ್ಕೆ 5 ರಿಂದ 15, ಮೂರನೇ ದಿನ 15 ರಿಂದ 30, ನಾಲ್ಕನೇ ದಿನ 30 ರಿಂದ 60 ಮಿ.ಲೀ. ಹೀಗೆ ಏರುತ್ತಾ ಹೋಗುತ್ತದೆ. ತಾಯಿಗೆ ಮೊದಲ ಎರಡು ಮೂರು ದಿನ ಹಾಲು ಚೂರೇ ಬರುವುದು ಇದಕ್ಕೇ. ಕೂಸಿಗೆ ಬೇಕಾದದ್ದೇ ಅಷ್ಟು. ಆದರೆ ನೋಡಲು ಬಂದವರು "ಇನ್ನೂ ಹಾಲು ಇಳಿದಿಲ್ಲ, ಸಕ್ಕರಿ ನೀರು ಹಾಕ್ರಿ, ಜೇನು ನೆಕ್ಕಸ್ರಿ" ಅನ್ನುತ್ತಾರೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಅದರಲ್ಲಿ ಕೆಲವು ಸಲ ಇರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ, ಕೂಸಿನ ಮೈ ಸೋತು ಹೋಗುತ್ತದೆ.

ಮೊದಲು ಬರುವ ಹಾಲು ಹಳದಿ, ಅಂಟಂಟು. ಹಿಂದೆ ಅದನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲುತ್ತಿದ್ದರು. ನನಗೆ ಇದು ಭಾಳ ವಿಚಿತ್ರ ಅನಿಸುತ್ತದೆ. ಆಕಳು ಈದರೆ ಗಿಣ್ಣದ ಹಾಲಿಗೆ ಓಣಿಯವರೆಲ್ಲ ಕಾಯುತ್ತೇವೆ. ಕರುವಿಗೆ ಗಿಣ್ಣದ ಹಾಲು ಕುಡಿಸದಿದ್ದರೆ ಅದು ಬದುಕುವುದು ಕಷ್ಟ ಅಂತ ಪ್ರತಿಯೊಬ್ಬ ರೈತನಿಗೂ ಗೊತ್ತು. ತಾಯಿಯ ಹಳದಿ ಹಾಲು ಅಂದರೂ ಗಿಣ್ಣದ ಹಾಲೇ. ರೋಗ ತಡೆಯುವ ಶಕ್ತಿ ಅದರಲ್ಲಿ ಇದೆ. ಕೂಸು ಹುಟ್ಟಿದ ಒಂದು ತಾಸಿನೊಳಗೆ ಎದೆಗೆ ಹಾಕಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದಲ್ಲಿ ಹಾಗೆ ಒಂದು ತಾಸಿನೊಳಗೆ ಹಾಲು ಕುಡಿದ ಕೂಸುಗಳು ನೂರಕ್ಕೆ ಸುಮಾರು 42. ಉಳಿದ 58 ಕೂಸುಗಳಿಗೆ ತಡವಾಯಿತು. ಈಗ ಹೆಚ್ಚಿನ ಹೆರಿಗೆ ದವಾಖಾನೆಯಲ್ಲೇ ಆಗುತ್ತವೆ, ಆದರೂ ಹೀಗೆ.

ಆಮೇಲೆ ದಿನಕ್ಕೆ ಎಷ್ಟು ಸಲ? 24 ತಾಸಿನಲ್ಲಿ 8 ರಿಂದ 12 ಸಲ. ಗಡಿಯಾರ ನೋಡಿ ಅಲ್ಲ, ಕೂಸು ಕೇಳಿದಾಗ. ಕೂಸು ಹೇಗೆ ಕೇಳುತ್ತದೆ ಅಂದರೆ ಬಾಯಿ ತೆರೆದು ಆ ಕಡೆ ಈ ಕಡೆ ತಲೆ ತಿರುಗಿಸುತ್ತದೆ, ಮುಷ್ಟಿ ಚೀಪುತ್ತದೆ. ಅಳುವುದು ಕಡೆಯ ಕೇಳಿಕೆ. ಅಳು ಶುರುವಾದ ಮೇಲೆ ಕುಡಿಸುವುದು ತ್ರಾಸು, ಮೊದಲು ರಮಿಸಬೇಕಾಗುತ್ತದೆ.

ಒಂದು ತಿಂಗಳಿಂದ ಆರು ತಿಂಗಳವರೆಗಿನ ಕೂಸು ಎದೆಹಾಲನ್ನೇ ಕುಡಿದರೆ ದಿನಕ್ಕೆ ಸರಾಸರಿ 750 ರಿಂದ 800 ಮಿ.ಲೀ. ಕುಡಿಯುತ್ತದೆ. ನಮ್ಮ ಶಾಲೆಯ ಲೋಟದಲ್ಲಿ ಐದು ಲೋಟ. ಆದರೆ ಇದು ಸರಾಸರಿ. ಒಂದು ಕೂಸಿಗೆ ಮೂರು ಲೋಟ ಸಾಕು, ಇನ್ನೊಂದಕ್ಕೆ ಏಳು ಲೋಟ ಬೇಕು, ಎರಡೂ ಚೆನ್ನಾಗಿಯೇ ಬೆಳೆಯುತ್ತವೆ. ಹಾಗಾದರೆ ನಮ್ಮ ಮನೆಯ ಕೂಸು ಯಾವ ಜಾತಿಯದು ಅಂತ ತಿಳಿಯುವುದು ಹೇಗೆ? ಎದೆಗೆ ಗೆರೆ ಹಾಕಿರುವುದಿಲ್ಲ. ಇಲ್ಲೇ ಜಗಳ ಶುರುವಾಗುವುದು.

ಹುಣಸೆ ಬೀಜದ ಲೆಕ್ಕ

ನಮ್ಮ ಕೂಸಿಗೆ ಹದಿನೆಂಟು ದಿನ ಆದಾಗ ಸಂಜೆ ಸಂಜೆ ಅಳಲು ಶುರು ಮಾಡಿತು. ಕುಡಿಯುತ್ತದೆ, ಬಿಡುತ್ತದೆ, ಅರ್ಧ ತಾಸಿಗೆ ಮತ್ತೆ ಬೇಕು. ಮೂರು ದಿನ ಹೀಗೇ ನಡೆಯಿತು. ಅಕ್ಕ ಕಣ್ಣೀರು ಹಾಕಿದಳು. ಬಾಜೂ ಮನೆಯ ದೊಡ್ಡವ್ವ ಬಂದು "ನಿನ್ನ ಹಾಲು ತಿಳಿ ಆಗ್ಯಾವ ತಂಗಿ, ಅದರಾಗ ಶಕ್ತಿ ಇಲ್ಲ. ಆಕಳ ಹಾಲಿಗೆ ನೀರು ಬೆರಸಿ ಹಾಕು, ಕೂಸು ಸುಮ್ಮನ ಮಲಗತೈತಿ" ಅಂದಳು. ನನ್ನನ್ನು ಹಾಲಿಗೂ ಕಳಿಸಿದರು. ಹಾಲು ತಂದೆ, ಅವ್ವ ಕಾಸಲಿಕ್ಕೆ ಇಟ್ಟಳು.

ಆಗ ಆಯಿ ಒಲೆಯ ಹತ್ತಿರ ಬಂದು ನಿಂತಳು. ಆಯಿಗೆ ನಮ್ಮ ಅಪ್ಪನಿಗಿಂತ ಮೊದಲು ಒಂದು ಗಂಡು ಕೂಸು ಆಗಿತ್ತಂತೆ. ನಮಗೆ ಅದು ಗೊತ್ತೇ ಇರಲಿಲ್ಲ. ಆಯಿ ಕಳೆ ತೆಗೆಯಲು ಹೊಲಕ್ಕೆ ಹೋದಾಗ ಮನೆಯಲ್ಲಿ ಅದಕ್ಕೆ ಒಂದು ಪಾಲು ಹಾಲು ಎರಡು ಪಾಲು ನೀರು ಹಾಕಿ ಕುಡಿಸುತ್ತಿದ್ದರು. ನಾಲ್ಕು ತಿಂಗಳಿಗೆ ವಾಂತಿ ಭೇದಿ ಹತ್ತಿತು. "ಎರಡು ದಿನದಾಗ ಹೋತು" ಅಂದಳು ಆಯಿ, ಮುಂದೆ ಏನೂ ಹೇಳಲಿಲ್ಲ. ಅವ್ವ ಪಾತ್ರೆ ಕೆಳಗಿಳಿಸಿ "ನಾಳೆ ಆಶಾ ಬರತಾಳ, ಆಕೀನ್ನ ಕೇಳೂಣು" ಅಂದಳು. ಆ ಹಾಲಿನಿಂದ ಚಹಾ ಮಾಡಿದರು.

ಮರುದಿನ ಇಪ್ಪತ್ತೊಂದನೇ ದಿನ. ದವಾಖಾನೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. ಎಲ್ಲರೂ ಒಟ್ಟಿಗೇ ಮಾತಾಡಿದರು. ಆಶಾ ಅಕ್ಕ ಎಲ್ಲ ಕೇಳಿ "ಕೂಸು ದಿನಕ್ಕ ಎಷ್ಟು ಸಲ ಒಂದಕ್ಕ ಮಾಡ್ತೈತಿ?" ಅಂದರು. ಯಾರಿಗೂ ಗೊತ್ತಿಲ್ಲ! ಮೂರು ದಿನ ಜಗಳ ಆಗಿದೆ, ಆದರೆ ಎಣಿಸಿದವರು ಒಬ್ಬರೂ ಇಲ್ಲ. "ಒಳಗ ಹೋಗೂದನ್ನ ಅಳಿಯಾಕ ಬರೂದಿಲ್ಲ. ಹೊರಗ ಬರೂದನ್ನ ಎಣಸ್ರಿ, ಲೆಕ್ಕ ಸಿಗತೈತಿ" ಅಂತ ಹೇಳಿ ಆ ಕೆಲಸ ನನಗೆ ಕೊಟ್ಟರು, ನಾನು ಶಾಲೆಗೆ ಹೋಗುವವನು ಅಂತ.

ನಿಯಮ ಹೀಗಿದೆ. ಐದನೇ ದಿನ ದಾಟಿದ ಕೂಸು ಬರೀ ಎದೆಹಾಲು ಕುಡಿಯುತ್ತಿದ್ದರೆ 24 ತಾಸಿನಲ್ಲಿ ಕಡಿಮೆ ಅಂದರೂ 6 ಸಲ ಒಂದಕ್ಕೆ ಮಾಡಬೇಕು. ಬಣ್ಣ ತಿಳಿ ಇರಬೇಕು, ಅರಿಷಿಣದ ಹಾಗೆ ದಟ್ಟ ಇರಬಾರದು. ಮಧ್ಯೆ ನೀರು ಕುಡಿಸಿದರೆ ಈ ಲೆಕ್ಕ ಕೆಡುತ್ತದೆ, ಯಾಕೆಂದರೆ ನೀರು ಕುಡಿದರೂ ಒಂದಕ್ಕೆ ಬರುತ್ತದೆ.

ಹಗಲು ನಾನು ಹಳೇ ನೋಟಬುಕ್ಕಿನಲ್ಲಿ ಗೆರೆ ಹಾಕಿದೆ. ಶಾಲೆಗೆ ಬಂದಾಗ ಮತ್ತು ರಾತ್ರಿ ಅವ್ವನ ಪಾಳಿ. ಅವ್ವನಿಗೆ ಬರೆಯಲು ಬಾರದು. ಚೌಕಾಬಾರ ಆಡುವ ಹುಣಸೆ ಬೀಜ ಇದ್ದವಲ್ಲ, ಒಂದು ಒದ್ದೆ ಅರಿವೆ ತೆಗೆದರೆ ಒಂದು ಬೀಜ ಡಬ್ಬಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಎಣಿಸಿ ಕೂಡಿಸಿದೆ. ಮೊದಲ ದಿನ 9, ಎರಡನೇ ದಿನ 8, ಮೂರನೇ ದಿನ 10. ಎರಡಕ್ಕೆ ದಿನಕ್ಕೆ ನಾಲ್ಕು ಐದು ಸಲ, ಹಳದಿ. ಅಂದರೆ ಹಾಲು ಹೋಗುತ್ತಿದೆ.

ಎರಡನೇ ಸಾಕ್ಷಿ ತೂಕ. ಹುಟ್ಟಿದಾಗ ನಮ್ಮ ಕೂಸು 2 ಕೆ.ಜಿ. 700 ಗ್ರಾಂ. ಮೂರನೇ ದಿನ ಆಶಾ ಅಕ್ಕ ಜೋಳಿಗೆ ತಕ್ಕಡಿಯಲ್ಲಿ ತೂಗಿದಾಗ 2 ಕೆ.ಜಿ. 500. ಆವತ್ತು ಎಲ್ಲರೂ ಗಾಬರಿ ಬಿದ್ದಿದ್ದರು. ನಮ್ಮ ಶೇಕಡಾ ಪಾಠದ ಪ್ರಕಾರ ಮಾಡಿರಿ: 200 ನ್ನು 2700 ರಿಂದ ಭಾಗಿಸಿ 100 ರಿಂದ ಗುಣಿಸಿದರೆ 7.4. ಮೊದಲ ದಿನಗಳಲ್ಲಿ ಶೇ. 10 ರೊಳಗೆ ತೂಕ ಇಳಿಯುವುದು ರೂಢಿ, ಎರಡು ವಾರದೊಳಗೆ ಅದು ತಿರುಗಿ ಬರಬೇಕು. ಏಳನೇ ದಿನ 2 ಕೆ.ಜಿ. 550, ಹದಿನಾಲ್ಕನೇ ದಿನ 2 ಕೆ.ಜಿ. 750, ಬಂತು. ಜಗಳದ ಮರುದಿನ, ಇಪ್ಪತ್ತೊಂದಕ್ಕೆ, 2 ಕೆ.ಜಿ. 950. ಒಂದು ವಾರಕ್ಕೆ 200 ಗ್ರಾಂ ಏರಿದೆ! ಹಾಲು ಸಾಲದ ಕೂಸು ಹೀಗೆ ಏರುವುದಿಲ್ಲ. 28ಕ್ಕೆ 3 ಕೆ.ಜಿ. 150, 42ನೇ ದಿನ 3 ಕೆ.ಜಿ. 600. ಮೊದಲ ಆರು ತಿಂಗಳು ತಿಂಗಳಿಗೆ ಅರ್ಧ ಕೆ.ಜಿ. ಯಾದರೂ ಏರಬೇಕು. ಸಾಮಾನ್ಯವಾಗಿ ಐದಾರು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗುತ್ತದೆ.

ಹಾಗಾದರೆ ಕೂಸು ಸಂಜೆ ಯಾಕೆ ಅಳುತ್ತಿತ್ತು? ಎರಡು ಮೂರು ವಾರಕ್ಕೆ, ಮತ್ತೆ ಆರು ವಾರದ ಸುಮಾರಿಗೆ ಕೂಸುಗಳು ಹೀಗೆ ಮೇಲಿಂದ ಮೇಲೆ ಕುಡಿಯುತ್ತವೆ. ಎದೆಹಾಲು ಸೇದುವ ಬಾವಿಯ ಹಾಗೆ. ಸೇದಿದಷ್ಟು ಸೆಲೆ ಬಿಡುತ್ತದೆ, ಸೇದದೆ ಬಿಟ್ಟರೆ ಸೆಲೆ ಕಟ್ಟುತ್ತದೆ. ಕೂಸು ಹೆಚ್ಚು ಚೀಪಿದರೆ ನಾಳೆ ಹೆಚ್ಚು ಹಾಲು ಬರುತ್ತದೆ. ಆ ಮೂರು ದಿನ ಆಕಳ ಹಾಲು ಹಾಕಿದ್ದರೆ ಕೂಸು ಮಲಗುತ್ತಿತ್ತು ನಿಜ, ಆದರೆ ಚೀಪುವುದು ಕಡಿಮೆಯಾಗಿ ಅಕ್ಕನ ಹಾಲು ನಿಜವಾಗಿಯೂ ಕಡಿಮೆಯಾಗುತ್ತಿತ್ತು. ಆಗ ದೊಡ್ಡವ್ವ "ನಾ ಹೇಳಿದ್ದು ಖರೆ ಆತಿಲ್ಲೋ" ಅನ್ನುತ್ತಿದ್ದಳು.

"ತಿಳಿ ಹಾಲು" ಎಂಬುದಕ್ಕೂ ಉತ್ತರ ಸಿಕ್ಕಿತು. ಕುಡಿಯಲು ಶುರು ಮಾಡಿದಾಗ ಬರುವ ಹಾಲು ತೆಳು, ಹೋಗುತ್ತಾ ಹೋಗುತ್ತಾ ಜಿಡ್ಡು ಹೆಚ್ಚುತ್ತದೆ. ಅದಕ್ಕೇ ಒಂದು ಕಡೆ ಪೂರ್ತಿ ಕುಡಿಸಿ ಆಮೇಲೆ ಇನ್ನೊಂದು ಕಡೆ ಹಾಕಬೇಕು.

ನೀರಿನ ಮಾತು

ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇದೆ. ಬ್ಯಾಡಗಿ ಮೆಣಸಿನಕಾಯಿ ಗರಿಗರಿ ಒಣಗುವಂಥ ಬಿಸಿಲಿನಲ್ಲೂ ಆರು ತಿಂಗಳೊಳಗಿನ ಕೂಸಿಗೆ ಬೇರೆ ನೀರು ಬೇಡ. ನೀರಡಿಸಿದರೆ ಹಾಲೇ ಹೆಚ್ಚು ಸಲ ಕುಡಿಯುತ್ತದೆ. ನೀರು ಬೇಕಾದದ್ದು ಬಾಣಂತಿಗೆ. ನಮ್ಮ ಕಡೆ ಕೆಲವರು ಬಾಣಂತಿಗೆ ನೀರು ಕುಡಿದರೆ ಥಂಡಿ ಅಂತ ಗುಟುಕು ಗುಟುಕು ಅಳೆದು ಕೊಡುತ್ತಾರೆ. ಐದು ಲೋಟ ಹಾಲು ಆಗಬೇಕಾದರೆ ನೀರು ಎಲ್ಲಿಂದ ಬರಬೇಕು ಅಂತ ಯಾರೂ ಯೋಚಿಸುವುದಿಲ್ಲ. ಊಟವೂ ಹಾಗೇ. ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು, ಅಂದರೆ ಇನ್ನೊಂದು ಹೊತ್ತಿನ ಊಟ ಅಂತ ತಿಳಿಯಿರಿ. ಆಯಿ ಮಾಡಿಕೊಡುವ ಅಂಟಿನ ಉಂಡಿ, ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ಚಟ್ನಿಗೆ ಅಕ್ಕ ಬೇಡ ಅನ್ನುವುದೇ ಇಲ್ಲ. (ಉಂಡಿಯಲ್ಲಿ ನನಗೂ ಪಾಲು ಸಿಗುತ್ತದೆ.) 2017ರ ಅಕ್ಟೋಬರ್ 2 ರಿಂದ ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂದು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಊಟ ಶುರುವಾದದ್ದು ಇದೇ ಕಾರಣಕ್ಕೆ.

ಹಾಲಿಗೆ ನೀರು ಬೆರೆಸಿದರೆ ಏನಾಗುತ್ತದೆ? ಲೆಕ್ಕ ಮಾಡೋಣ. 100 ಮಿ.ಲೀ. ಆಕಳ ಹಾಲಿನಲ್ಲಿ ಸುಮಾರು 66 ಕ್ಯಾಲರಿ ಇದೆ ಅಂತ ಇಟ್ಟುಕೊಳ್ಳಿರಿ. ಅರ್ಧಕ್ಕೆ ಅರ್ಧ ನೀರು ಹಾಕಿದರೆ ಅದೇ 100 ಮಿ.ಲೀ. ನಲ್ಲಿ 33. ಒಂದು ಪಾಲಿಗೆ ಎರಡು ಪಾಲು ನೀರು ಹಾಕಿದರೆ 22. ಹೊಟ್ಟೆ ಮಾತ್ರ ಅಷ್ಟೇ ತುಂಬುತ್ತದೆ. ಕೂಸು ತುಂಬಿದ ಹೊಟ್ಟೆಯಲ್ಲಿ ಉಪವಾಸ ಇದ್ದ ಹಾಗೆ. ಮೇಲಾಗಿ ಆ ನೀರು, ಆ ಬಾಟಲಿ ಸ್ವಚ್ಛ ಇರದಿದ್ದರೆ ಭೇದಿ.

ಕೆಲವು ತಾಯಂದಿರಿಗೆ ನಿಜವಾಗಿಯೂ ಹಾಲು ಇರುವುದಿಲ್ಲ, ಕೆಲವು ಕೂಸುಗಳಿಗೆ ತಾಯಿಯೇ ಇರುವುದಿಲ್ಲ. ಅವರನ್ನು ಆಡಿಕೊಳ್ಳಬಾರದು. ಅಂಥ ಕೂಸಿಗೆ ಡಾಕ್ಟರು ಹೇಳಿದ ಹಾಲನ್ನೇ ಕೊಡಬೇಕು. ಮೊದಲ ವಾರ ದಾಟಿದ ಮೇಲೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 150 ಮಿ.ಲೀ. ಅಂದರೆ ಕೂಸು ಎಷ್ಟು ಕೆ.ಜಿ. ಯೋ ಅಷ್ಟು ಶಾಲೆ ಲೋಟ! 4 ಕೆ.ಜಿ. ಕೂಸಿಗೆ 600 ಮಿ.ಲೀ., ಎಂಟು ಸಲಕ್ಕೆ ಹಂಚಿದರೆ ಒಂದು ಸಲಕ್ಕೆ 75, ಅರ್ಧ ಲೋಟ. ಡಬ್ಬಿ ಪುಡಿಯಾದರೆ ಡಬ್ಬಿ ಮೇಲೆ ಬರೆದಷ್ಟೇ ನೀರು ಹಾಕಬೇಕು. ಡಬ್ಬಿ ತುಟ್ಟಿ ಅಂತ ನಾಲ್ಕು ದಿನದ್ದನ್ನು ಎಂಟು ದಿನ ಎಳೆದರೆ ಮೇಲಿನ ಲೆಕ್ಕವೇ ಆಗುತ್ತದೆ. ಬಾಟಲಿಗಿಂತ ಲೋಟ, ಚಮಚ ಅಥವಾ ಒಳಲೆ ಒಳ್ಳೆಯದು, ತೊಳೆಯಲು ಸುಲಭ. ಹಾಲಿನ ಪುಡಿ ಮತ್ತು ಬಾಟಲಿಗೆ ಟಿವಿಯಲ್ಲಿ ಜಾಹೀರಾತು ಯಾಕೆ ಬರುವುದಿಲ್ಲ ಗೊತ್ತೇ? 1992ರಲ್ಲಿ ನಮ್ಮ ದೇಶದಲ್ಲಿ ಅದಕ್ಕೆ ಕಾಯಿದೆ ಆಗಿದೆ.

ಬ್ಯಾಡಗಿ ಪೇಟೆಯ ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಎಷ್ಟೋ ತಾಯಂದಿರು ಹೋಗುತ್ತಾರೆ. ಕೂಸು ಮನೆಯಲ್ಲಿ ಅಜ್ಜಿಯ ಹತ್ತಿರ. ಅವರು ಹೋಗುವ ಮುಂಚೆ ತೊಳೆದ ಪಾತ್ರೆಯಲ್ಲಿ ಹಾಲು ಹಿಂಡಿ ತಂಪು ಜಾಗದಲ್ಲಿ ಮುಚ್ಚಿಟ್ಟರೆ ನಾಲ್ಕು ತಾಸು ಇಡಬಹುದು. ಬಂದ ಮೇಲೆ ಸಬ್ಬು ಹಚ್ಚಿ ಎರಡು ಮೂರು ಸಲ ಕೈ ತೊಳೆದು ಕೂಸನ್ನು ಮುಟ್ಟಬೇಕು. ಖಾರದ ಕೈ ನಮ್ಮ ಕಣ್ಣಿಗೆ ಹತ್ತಿದರೇ ಕುಣಿದಾಡುತ್ತೇವೆ, ಕೂಸಿನ ಗತಿ ಏನು?

ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆಯಲು ಆಶಾ ಅಕ್ಕ ಹೇಳಿದ್ದಾರೆ. ಕೂಸು ಎದೆ ಹಿಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಒಂದಕ್ಕೆ ಬಹಳ ಕಡಿಮೆಯಾದರೆ, ಮೈ ಸುಡುತ್ತಿದ್ದರೆ ಇಲ್ಲವೆ ತಣ್ಣಗಾಗಿದ್ದರೆ ಎಣಿಸುತ್ತಾ ಕೂರಬಾರದು. ಆವತ್ತೇ ದವಾಖಾನೆಗೆ ಹೋಗಬೇಕು. ಗಾಡಿ ಇಲ್ಲದಿದ್ದರೆ 108.

ಆರು ತಿಂಗಳ ಮೇಲೆ

ಇದು ನಮ್ಮ ಮನೆಗೆ ಇನ್ನೂ ಬಂದಿಲ್ಲ, ಆದರೆ ಎದುರು ಮನೆಯ ಕಾಕಾನ ಮಗನಿಗೆ ಎಂಟು ತಿಂಗಳು. ಅವನನ್ನು ನೋಡಿ ಬರೆಯುತ್ತಿದ್ದೇನೆ.

ಆರು ತಿಂಗಳು ತುಂಬಿದ ಮೇಲೆ ಎದೆಹಾಲು ಒಂದೇ ಸಾಲುವುದಿಲ್ಲ. ಹುಟ್ಟುವಾಗ ಕೂಸು ಮೈಯಲ್ಲಿ ತಂದ ಕಬ್ಬಿಣದ ಅಂಶ ಅಷ್ಟೊತ್ತಿಗೆ ತೀರುತ್ತದೆ. ಎರಡು ಮೂರು ದೊಡ್ಡ ಚಮಚದಿಂದ ಶುರು ಮಾಡಿ, ದಿನಕ್ಕೆ ಎರಡು ಮೂರು ಸಲ. ಎಂಟು ತಿಂಗಳ ಹೊತ್ತಿಗೆ ಒಂದು ಸಲಕ್ಕೆ 125 ಮಿ.ಲೀ., ನಮ್ಮ ಲೋಟಕ್ಕಿಂತ ಸ್ವಲ್ಪ ಕಡಿಮೆ. ಒಂಬತ್ತರಿಂದ ಹನ್ನೊಂದು ತಿಂಗಳು ಅಷ್ಟೇ ಅಳತೆ, ಆದರೆ ಮೂರು ನಾಲ್ಕು ಸಲ. ವರ್ಷದ ಮೇಲೆ ಒಂದು ಲೋಟದಿಂದ ಒಂದೂವರೆ ಲೋಟ.

ಇಲ್ಲಿ ಎಲ್ಲರೂ ಮಾಡುವುದು ತೆಳು ಗಂಜಿ, ತೆಳು ಅಂಬಲಿ, ಬ್ಯಾಳಿ ಕಟ್ಟು. ಕಟ್ಟು ಕೂಸಿಗೆ ಹೋಯಿತು, ಬ್ಯಾಳಿ ನಮ್ಮ ತಾಟಿನಲ್ಲಿ ಉಳಿಯಿತು! ಕೂಸಿನ ಹೊಟ್ಟೆ ಒಂದು ಕೆ.ಜಿ. ತೂಕಕ್ಕೆ 30 ಮಿ.ಲೀ. ಹಿಡಿಯುತ್ತದೆ. ಎಂಟು ಕೆ.ಜಿ. ಕೂಸಿಗೆ 240. ಅಷ್ಟು ಸಣ್ಣ ಜಾಗದಲ್ಲಿ ನೀರು ತುಂಬಬಾರದು. ಚಮಚ ಓರೆ ಮಾಡಿದರೆ ಸುರಿಯದಷ್ಟು ಗಟ್ಟಿ ಇರಬೇಕು. ಅನ್ನ ಬ್ಯಾಳಿ ಹಿಚುಕಿ ಮೇಲೆ ಒಂದು ಚಮಚ ತುಪ್ಪ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಗಟ್ಟಿ ರಾಗಿ ಸರಿ, ಬಾಳೆಹಣ್ಣು, ತಿನ್ನುವವರ ಮನೆಯಲ್ಲಿ ಕುದಿಸಿದ ತತ್ತಿ. ಅಂಗನವಾಡಿಯಿಂದ ಆರು ತಿಂಗಳಿಂದ ಮೂರು ವರ್ಷದ ಮಕ್ಕಳ ಮನೆಗೆ ಪುಷ್ಟಿ ಪುಡಿ ಕೊಡುವುದೂ ಇದಕ್ಕೇ. ಅದನ್ನು ದೊಡ್ಡ ಮಕ್ಕಳು ಬೆಲ್ಲ ಹಾಕಿಕೊಂಡು ಮುಕ್ಕುವುದನ್ನು ನಾನು ನೋಡಿದ್ದೇನೆ, ಹೆಸರು ಹೇಳುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು ಖಾರ ಕಡಿಮೆ, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ, ಅದು ನಮ್ಮ ಹೆಮ್ಮೆ. ಆದರೂ ಕೂಸಿನ ಅನ್ನಕ್ಕೆ ಬೇಡ.

ಎದೆಹಾಲು ಎರಡು ವರ್ಷದವರೆಗೆ, ಬೇಕಾದರೆ ಆಮೇಲೂ ನಡೆಯಬೇಕು. ತಾಯಿ ಕಾರ್ಡಿನಲ್ಲಿ ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ ಪಟ್ಟಿ ಇರುತ್ತದೆ. ತಿಂಗಳ ತೂಕವನ್ನು ಅಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುತ್ತಾರೆ. ಹಸಿರಿನಲ್ಲಿದ್ದರೆ ಸರಿ, ಹಳದಿಗೆ ಇಳಿದರೆ ಕಡಿಮೆ ತೂಕ, ಕೇಸರಿ ಬಣ್ಣಕ್ಕೆ ಬಂದರೆ ಬಹಳ ಕಡಿಮೆ. ಒಂದು ಚುಕ್ಕಿಗಿಂತ ಗೆರೆ ಯಾವ ಕಡೆ ಹೊರಟಿದೆ ಅಂತ ನೋಡಬೇಕು. ಗೆರೆ ಮಲಗಿದರೆ ಬಣ್ಣ ಹಸಿರಿದ್ದರೂ ಟೀಚರನ್ನು ಕೇಳಬೇಕು.

ಕಾಕಾನ ಮನೆಯಲ್ಲಿ ಹುಡುಗನನ್ನು ತಮ್ಮ ತೊಡೆಯ ಮೇಲೆ ಕೂಡಿಸಿಕೊಂಡು ತಮ್ಮ ತಾಟಿನಲ್ಲೇ ಉಣಿಸುತ್ತಿದ್ದರು. ಅವನು ಎಷ್ಟು ಉಂಡ, ಕಾಕಾ ಎಷ್ಟು ಉಂಡರು ಅಂತ ತಿಳಿಯುತ್ತಿರಲಿಲ್ಲ. ಟೀಚರ್ ಹೇಳಿದ ಮೇಲೆ ಅವನಿಗೆ ಬೇರೆ ಸಣ್ಣ ಬಟ್ಟಲು ಇಟ್ಟಿದ್ದಾರೆ. ಈಗ ಬಟ್ಟಲಿನಲ್ಲಿ ಉಳಿದದ್ದು ಕಾಣುತ್ತದೆ.

— 7ನೇ ತರಗತಿ